ಅಕ್ಕನ ಮನೆಗೆ ಮೂರು ನಕ್ಷೆ

ನಮ್ಮ ಕೋಲಾರದ ಕಡೆ ದಾರಿ ಕೇಳುವುದು ಅಂದರೆ ಸಾಮಾನ್ಯದ ಮಾತಲ್ಲ. ಬೇರೆ ಊರುಗಳಲ್ಲಿ ದಾರಿ ಕೇಳಿದರೆ ಎಡಕ್ಕೋ ಬಲಕ್ಕೋ ಕೈ ತೋರಿಸಿ ಕಳಿಸಿಬಿಡುತ್ತಾರಂತೆ. ನಮ್ಮಲ್ಲಿ ಹಾಗಲ್ಲ, ಕೇಳಿದವನದೇ ಮೊದಲು ವಿಚಾರಣೆ. ಯಾವೂರಿಂದ ಬಂದಿರಿ, ಯಾರ ಮನೆಗೆ, ಏನು ಸಮಾಚಾರ, ನೀವು ಅವರಿಗೆ ಏನಾಗಬೇಕು? ಈ ನಾಲ್ಕಕ್ಕೂ ಒಪ್ಪುವಂಥ ಉತ್ತರ ಕೊಟ್ಟವನಿಗೆ ಮಾತ್ರ ದಾರಿ. ಅದನ್ನೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ, "ಇಲ್ಲೇ ಸ್ವಾಮಿ, ಒಂದು ಬೀಡಿ ಸೇದೋ ಅಷ್ಟು ದೂರ" ಅನ್ನುತ್ತಾರೆ. ಬೀಡಿ ಸೇದದವನು ಅಂದಾಜಿನ ಮೇಲೆ ಹೋಗಬೇಕು. ಒಮ್ಮೆ ಟೇಕಲ್ಲಿನಲ್ಲಿ ಮದುವೆ ಮನೆಗೆ ದಾರಿ ಕೇಳಿದೆ. ಕೇಳಿಸಿಕೊಂಡ ಮಹಾನುಭಾವರು ಹೆಣ್ಣಿನ ಕಡೆಯ ಮೂರು ತಲೆಮಾರಿನ ಕಥೆ ಹೇಳಿ, ನನ್ನ ಕಡೆಯದನ್ನೂ ಕೇಳಿ, ಕೊನೆಗೆ ತಾವೇ ನನ್ನ ಸ್ಕೂಟರಿನ ಹಿಂದೆ ಹತ್ತಿ ಕೂತು ದಾರಿ ತೋರಿಸಿದರು. ನಾವು ತಲುಪುವ ಹೊತ್ತಿಗೆ ಮುಹೂರ್ತ ಮುಗಿದು ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಅವರು ನನಗಿಂತ ಮೊದಲು ಕೂತರು.

ಇಷ್ಟೂ ಹೇಳಿದ್ದು ಯಾಕೆಂದರೆ ಆ ನಾಲ್ಕನೇ ಪ್ರಶ್ನೆಗೆ ಹೆದರಿ ನಾನು ಒಂದು ಕಾಲದಲ್ಲಿ ಪಡಬಾರದ ಪಾಡು ಪಟ್ಟೆ. ನಾನು ಮುಳಬಾಗಿಲಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಮಕ್ಕಳು ಬೆನ್ನ ಹಿಂದೆ ಗ್ಲೋಬ್ ಮೇಷ್ಟ್ರು ಅನ್ನುತ್ತಿದ್ದರು. ಪಾಠದಿಂದಾಗಿ ಆ ಹೆಸರು ಬಂತೆಂದು ನಾನು ಬಹಳ ವರ್ಷ ನಂಬಿದ್ದೆ. ತಲೆಯ ಮೇಲೆ ಕೂದಲು ಪೂರ್ತಿ ಖಾಲಿಯಾದ ಮೇಲೆ ಸಂಶಯ ಬಂತು. ಅಂಥ ನಾನು, ಜಿಲ್ಲೆಯ ನಕ್ಷೆ ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯುವವನು, ನನ್ನ ಸ್ವಂತ ಅಕ್ಕನ ಮನೆಗೆ ದಾರಿ ತಿಳಿಯದವನಾಗಿದ್ದೆ.

ಅಕ್ಕ ಅಂದರೆ ಪದ್ಮಕ್ಕ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಸ್ಕೂಲಿಗೆ ಕೈ ಹಿಡಿದು ಕರೆದುಕೊಂಡು ಹೋದವಳು. ನನಗೆ ಎಡ ಬಲ ಕಲಿಸಿದ್ದೂ ಅವಳೇ. ಎಷ್ಟು ಹೇಳಿದರೂ ನನಗೆ ಅದು ಉಲ್ಟಾ ಆಗುತ್ತಿತ್ತು. ಕೊನೆಗೆ ಅವಳು, "ಲೋ ದಡ್ಡ, ಊಟದ ಕೈ ಯಾವುದೋ? ಅದು ಬಲ. ಆ ಕಡೆ ತಿರುಗು" ಅಂದಳು. ಇವತ್ತಿಗೂ ಗಾಡಿ ಓಡಿಸುವಾಗ ಯಾರಾದರೂ ಬಲಕ್ಕೆ ಅಂದರೆ ನನ್ನ ಬೆರಳುಗಳು ಒಂದು ಸಲ ಅನ್ನ ಕಲಸಿದ ಹಾಗೆ ಆಡುತ್ತವೆ.

ಅವಳನ್ನು ಕೊಟ್ಟದ್ದು ಶ್ರೀನಿವಾಸಪುರ ತಾಲೂಕಿನ ಯಲ್ದೂರಿಗೆ. ಗೌರಿ ಹಬ್ಬಕ್ಕೆ ತವರಿನಿಂದ ಹೆಣ್ಣುಮಕ್ಕಳಿಗೆ ಬಾಗಿನ ಹೋಗಬೇಕಲ್ಲ, ಅಪ್ಪ ಇರುವ ತನಕ ಅಪ್ಪ ಒಯ್ಯುತ್ತಿದ್ದರು, ಆಮೇಲೆ ನಾನು ಒಯ್ಯುತ್ತಿದ್ದೆ. ಎರಡು ಮೊರ, ಅದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಶಿನ ಕುಂಕುಮ, ರವಿಕೆ ಕಣ, ಮೇಲೊಂದು ಸೀರೆ. ಬಸ್ಸಿನಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಹೋಗಿ, ಅಕ್ಕನ ಕೈಗೆ ಕೊಟ್ಟು, ಒಬ್ಬಟ್ಟು ತಿಂದು ಬರುತ್ತಿದ್ದೆ. ಇಷ್ಟರಲ್ಲಿ ಅಕ್ಕನ ಯಜಮಾನರು ಊರೊಳಗಿನ ಮನೆ ಬಿಟ್ಟು, ಊರಾಚೆ ತಮ್ಮ ಮಾವಿನ ತೋಟದಲ್ಲೇ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಪತ್ರಿಕೆ ಬಂತು. ಅದೇ ವಾರ ನನಗೆ ಕೋಲಾರದಲ್ಲಿ ಪರೀಕ್ಷೆ ಪೇಪರು ತಿದ್ದುವ ಡ್ಯೂಟಿ ಬಿತ್ತು. ರಜೆ ಕೇಳಿದ್ದರೆ ಸಿಗುತ್ತಿತ್ತು. ಕೇಳಲಿಲ್ಲ. ಬೇರೆಯವರ ಮಕ್ಕಳ ನಕ್ಷೆಗಳಿಗೆ ಅಂಕ ಹಾಕುತ್ತಾ ಕೂತೆ.

ಅಲ್ಲಿಂದ ಶುರುವಾಯಿತು. ಗೃಹಪ್ರವೇಶಕ್ಕೆ ಹೋಗದವನು ಹಬ್ಬಕ್ಕೆ ಯಾವ ಮುಖ ಹೊತ್ತು ಹೋಗುವುದು ಅನ್ನಿಸಿ, ಆ ವರ್ಷ ಬಾಗಿನವನ್ನು ಬಸ್ಸಿಗೆ ಹಾಕಿದೆ. ನಮ್ಮ ಕಡೆಯ ಪ್ರೈವೇಟ್ ಬಸ್ಸುಗಳ ಬಗ್ಗೆ ಗೊತ್ತಿರುವವರಿಗೆ ಇದು ಆಶ್ಚರ್ಯವಲ್ಲ. ಔಷಧಿ, ಟೊಮೊಟೊ ಸಸಿ, ಮರೆತು ಬಂದ ಕನ್ನಡಕ, ಹಾಲ್ ಟಿಕೆಟ್ಟು, ಏನೇ ಇರಲಿ ಕಂಡಕ್ಟರ್ ಕೈಗೆ ಕೊಟ್ಟು "ಇಂಥ ಸ್ಟಾಪಿನಲ್ಲಿ ಇಂಥವರು ಬರ್ತಾರೆ" ಅಂದರೆ ಮುಗಿಯಿತು, ತಲುಪುತ್ತದೆ. ಬಾಗಿನವೂ ತಲುಪಿತು. ಹೀಗೆ ಮೂರು ವರ್ಷ ಗೌರಮ್ಮ ಬಸ್ಸಿನಲ್ಲೇ ಓಡಾಡಿದಳು. ನಾಲ್ಕನೇ ವರ್ಷ, ಹಬ್ಬದ ದಿನವೇ, ಸಂಜೆಯ ಬಸ್ಸಿನ ಕಂಡಕ್ಟರ್ ನಮ್ಮ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಅದೇ ಮೊರ, ಕಟ್ಟಿದ್ದ ದಾರ ಕೂಡ ಬಿಚ್ಚಿರಲಿಲ್ಲ. "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಅಮ್ಮಾವ್ರು ವಾಪಸ್ ಕಳ್ಸಿದಾರೆ. ಬಸ್ಸಿಗೆ ನಾನು ಅಕ್ಕ ಅಲ್ಲ, ತಮ್ಮನ ಕೈಯಿಂದ ಬಂದ್ರೆ ತಗೋತೀನಿ ಅಂತ ಹೇಳು ಅಂದ್ರು" ಅಂದ. ಪಾಪ, ಅವನಿಗೇ ನಾಚಿಕೆಯಾಗಿತ್ತು. ನಾನು ಮೊರ ಇಸಕೊಂಡು ಒಳಗೆ ಬಂದು, ದೇವರ ಮನೆಯಲ್ಲಿ ಇಡಲಾ, ಅಡುಗೆ ಮನೆಯಲ್ಲಿ ಇಡಲಾ ಎಂದು ತಿಳಿಯದೆ ನಡುಮನೆಯಲ್ಲಿ ನಿಂತೆ. ನಿಜ ಹೇಳುತ್ತೇನೆ, ಅವತ್ತು ಅಳು ಬಂತು.

ಮುಂದಿನ ವರ್ಷ ಆಷಾಢ ಕಳೆಯುತ್ತಿದ್ದ ಹಾಗೇ ನನ್ನ ಹೆಂಡತಿ ಸರೋಜ ಹೇಳಿಬಿಟ್ಟಳು. "ನೋಡಿ, ಮೊರ ನಾನು ತುಂಬ್ತೀನಿ, ಹೊರೋದು ನೀವೇ. ಎರಡು ವರ್ಷ ಬಾಗಿನ ನಿಂತ್ರೆ ತವರು ನಿಂತ ಹಾಗೆ. ಆಮೇಲೆ ನೀವು ಹೋದ್ರೂ ಅಷ್ಟೆ, ಬಿಟ್ರೂ ಅಷ್ಟೆ." ನಾನು ಗಂಭೀರವಾಗಿ ತಲೆಯಾಡಿಸಿದೆ. "ದಾರಿ ಗೊತ್ತಾ?" ಅಂದಳು. "ಭೂಗೋಳದ ಮೇಷ್ಟ್ರನ್ನ ಕೇಳೋ ಪ್ರಶ್ನೇನಾ ಇದು?" ಅಂದೆ. "ಹಂಗಾದ್ರೆ ಗೊತ್ತಿಲ್ಲ ಅಂತಾಯ್ತು. ಫೋನ್ ಮಾಡಿ ಅಕ್ಕನ್ನೇ ಕೇಳಿ" ಅಂದಳು. ಅದೊಂದು ಆಗದ ಮಾತು. ಮನೆ ಕಟ್ಟಿ ಐದನೇ ವರ್ಷಕ್ಕೆ ಬಂತು, ನಿನ್ನ ಮನೆ ಎಲ್ಲಿದೆ ಅಂತ ಕೇಳಿದರೆ ಪದ್ಮಕ್ಕ ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು. "ಬಸ್ಸಿನವನ್ನ ಕೇಳು, ಅವನಿಗೆ ಗೊತ್ತು" ಅನ್ನುತ್ತಾಳೆ. ಊರಿನಲ್ಲಿ ಕೇಳೋಣವೆಂದರೆ ಆ ನಾಲ್ಕನೇ ಪ್ರಶ್ನೆ ಕಾದು ಕೂತಿರುತ್ತದೆ. ನೀವು ಅವರಿಗೆ ಏನಾಗಬೇಕು? ತಮ್ಮ. ತಮ್ಮನಾ? ಒಡಹುಟ್ಟಿದ ತಮ್ಮನಾ? ಮತ್ತೆ ದಾರಿ ಕೇಳ್ತಿದೀರಿ? ಇದನ್ನು ನೆನೆದೇ ನನಗೆ ಬೆವರು ಬರುತ್ತಿತ್ತು. ಆದ್ದರಿಂದ ಯಾರನ್ನೂ ಕೇಳದೆ ಅಕ್ಕನ ಮನೆ ಸೇರುವ ಉಪಾಯ ಹುಡುಕಲು ಹೊರಟೆ.

ಮೊದಲು ಕಾಗದದ ನಕ್ಷೆ. ಸ್ಟಾಫ್ ರೂಮಿನ ಗೋಡೆಯಲ್ಲಿದ್ದ ಕೋಲಾರ ಜಿಲ್ಲೆಯ ದೊಡ್ಡ ನಕ್ಷೆಯನ್ನು ಇಳಿಸಿ ಮೇಜಿನ ಮೇಲೆ ಹರಡಿದೆ. ಬಹಳ ಹಳೆಯದು. ಜಿಲ್ಲೆ ಎರಡಾಗಿ ಚಿಕ್ಕಬಳ್ಳಾಪುರ ಬೇರೆ ಹೋಗಿದ್ದರೂ ಅದರಲ್ಲಿ ಇನ್ನೂ ಕೂಡು ಕುಟುಂಬ. ಇಷ್ಟು ವರ್ಷ "ನಮ್ಮ ತಾಲೂಕು ತೋರಿಸೋ" ಅಂತ ಮಕ್ಕಳ ಕೈಗೆ ಕೋಲು ಕೊಟ್ಟು ಕುಟ್ಟಿಸಿ ಕುಟ್ಟಿಸಿ, ಮುಳಬಾಗಿಲು ಇರಬೇಕಾದ ಜಾಗದಲ್ಲಿ ತೂತು ಬಿದ್ದಿತ್ತು. ತೂತಿನಿಂದ ಹೊರಟು ಯಲ್ದೂರಿಗೆ ಹೋಗುವುದು ಹೇಗೆ? ಆದರೂ ನಕ್ಷೆಯ ಮೇಲೆ ನನಗೆ ಪ್ರೀತಿ. ಅದು ಮಾತಾಡುವುದಿಲ್ಲ, ಅವಸರ ಮಾಡುವುದಿಲ್ಲ. ಒಂದೇ ಕೊರತೆ, ಅದರಲ್ಲಿ ಊರುಗಳಿರುತ್ತವೆ, ಮನೆಗಳಿರುವುದಿಲ್ಲ. ಯಲ್ದೂರು ಒಂದು ಸಾಸಿವೆ ಕಾಳಿನಷ್ಟು ಚುಕ್ಕೆ. ಆ ಸಾಸಿವೆಯ ಯಾವ ಮಗ್ಗುಲಲ್ಲಿ ಅಕ್ಕ ಇದ್ದಾಳೆ ಅಂತ ಭೂತಗನ್ನಡಿ ಇಟ್ಟರೂ ಕಾಣಲಿಲ್ಲ.

ಎರಡನೆಯದು ನನ್ನ ಬಾಮೈದ ಪ್ರಸನ್ನನ ಕಾರು. ಕೋಲಾರದಲ್ಲಿರುವ ಪ್ರಸನ್ನ ಆಗಷ್ಟೇ ಯಾರೋ ದೊಡ್ಡವರು ಓಡಿಸಿ ಬಿಟ್ಟಿದ್ದ ಒಂದು ಭಾರಿ ಕಾರು ಕೊಂಡಿದ್ದ. ಅದರ ಮುಂಭಾಗದಲ್ಲೇ ಒಂದು ಪರದೆ ಕೂರಿಸಿ, ದಾರಿ ತೋರಿಸುವ ಏರ್ಪಾಟು ಮಾಡಿದ್ದರು. "ಭಾವ, ಇದು ಕಾರಿನ ಜೊತೇನೇ ಹುಟ್ಟಿರೋದು. ಮೇಲೆ ಅಂಟಿಸಿದ ಮಾಲಲ್ಲ" ಅಂತ ಪ್ರಸನ್ನ ಹೆಮ್ಮೆಪಟ್ಟ. ಪರೀಕ್ಷೆ ಮಾಡೋಣವೆಂದು ಒಂದು ಭಾನುವಾರ ಇಬ್ಬರೂ ಟೇಕಲ್ ಕಡೆ ಹೊರಟೆವು. ಹೈವೇ ಇರುವ ತನಕ ಪರದೆಯ ಮೇಲೆ ದಾರಿ ದಿವ್ಯವಾಗಿತ್ತು. ಒಳದಾರಿಗೆ ಇಳಿದ ಐದೇ ನಿಮಿಷಕ್ಕೆ ಗೆರೆಗಳೆಲ್ಲ ಮಾಯವಾಗಿ, ಹಳದಿ ಬಯಲಿನ ನಡುವೆ ನಮ್ಮ ಕಾರಿನ ಬಾಣ ಒಂದೇ ತೇಲತೊಡಗಿತು. ಪ್ರಸನ್ನ ಸ್ವಲ್ಪ ಹೊತ್ತು ನೋಡಿ, "ಭಾವ, ನಾವೀಗ ಎಲ್ಲೂ ಇಲ್ಲ" ಅಂದ. ಗಾಜಿನಾಚೆ ಟೇಕಲ್ ಬೆಟ್ಟ ಅಷ್ಟೆತ್ತರ ನಿಂತಿತ್ತು, ಬಂಡೆಯ ಮೇಲೆ ಮೇಕೆಗಳು ಕೂಡ ಕಾಣುತ್ತಿದ್ದವು. ಪರದೆಗೆ ಅದು ಗೊತ್ತೇ ಇರಲಿಲ್ಲ. ಹೊಸ ನಕ್ಷೆ ತುಂಬಿಸಬೇಕಾದರೆ ಅದಕ್ಕೆಂದೇ ಬೇರೆ ಡಿಸ್ಕ್ ತರಿಸಬೇಕಂತೆ. ಅಲ್ಲಿಯವರೆಗೆ ಹುಟ್ಟುವಾಗ ತಿಳಿದಿದ್ದಷ್ಟೇ ಅದರ ಜ್ಞಾನ. ಪರದೆಯನ್ನು ಗೇಲಿ ಮಾಡೋಣ ಅನ್ನಿಸಿತು. ಆದರೆ ಯಲ್ದೂರಿನ ಹಳೆಯ ಮನೆಯ ದಾರಿ ಒಂದನ್ನೇ ತಲೆಯಲ್ಲಿ ಇಟ್ಟುಕೊಂಡು ಕೂತಿದ್ದ ನನಗೆ ಅದನ್ನು ಬೈಯುವ ಯೋಗ್ಯತೆ ಇರಲಿಲ್ಲ.

ಮೂರನೆಯದನ್ನು ಕೊಟ್ಟವನು ಮಾಲೂರಿನ ನನ್ನ ಹಳೆಯ ಶಿಷ್ಯ ಮುನಿರಾಜು. ಇಟ್ಟಿಗೆ ಲಾರಿ ಇಟ್ಟುಕೊಂಡಿದ್ದಾನೆ. ಹತ್ತನೇ ತರಗತಿಯಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ಶ್ರೀಲಂಕಾದ ಮೇಲೆ ಎಳೆದವನು. ಈಗ ಅವನ ಲಾರಿಗಳು ಮೂರು ರಾಜ್ಯ ಸುತ್ತುತ್ತವೆ. "ಸಾರ್, ಇದನ್ನ ತಗೊಂಡೋಗಿ. ಗಾಜಿಗೆ ಅಂಟಿಸ್ಕೊಳಿ. ಊರ ಹೆಸರು ಕೊಟ್ರೆ ಅದೇ ಹೇಳ್ತದೆ" ಅಂತ ಅಂಗೈ ಅಗಲದ ಒಂದು ಜಿಪಿಎಸ್ ಡಬ್ಬಿ ಕೈಗಿಟ್ಟ. ಒಳಗಿಂದ ಒಬ್ಬಳು ಹೆಂಗಸು ಇಂಗ್ಲಿಷಿನಲ್ಲಿ ಎಡಕ್ಕೆ ಹೋಗು, ಬಲಕ್ಕೆ ಹೋಗು ಅನ್ನುತ್ತಿದ್ದಳು. ಸರೋಜ ಅವಳಿಗೆ "ನಿಮ್ಮ ಮೇಡಮ್ಮು" ಅಂತ ಹೆಸರಿಟ್ಟಳು. ನನಗೆ ಮೇಡಮ್ಮು ಬಹಳ ಹಿಡಿಸಿದಳು. ಎಲ್ಲಿಗೆ ಅಂತ ಮಾತ್ರ ಕೇಳುತ್ತಾಳೆ. ಯಾಕೆ ಅಂತ ಕೇಳುವುದಿಲ್ಲ, ಇಷ್ಟು ದಿನ ಎಲ್ಲಿ ಸತ್ತಿದ್ದೆ ಅನ್ನುವುದಿಲ್ಲ, ನೀವು ಅವರಿಗೆ ಏನಾಗಬೇಕು ಅನ್ನುವುದಿಲ್ಲ. ತಪ್ಪು ದಾರಿಗೆ ಹೋದರೂ ಬೈಯದೆ ಹೊಸ ದಾರಿ ಹುಡುಕುತ್ತಾಳೆ. ಇಷ್ಟು ಮರ್ಯಾದೆಯ ಹೆಣ್ಣುದನಿಯನ್ನು ನಾನು ನಮ್ಮ ವಂಶದಲ್ಲೇ ಕೇಳಿರಲಿಲ್ಲ. ಇದನ್ನು ಸರೋಜಳ ಮುಂದೆ ಹೇಳಿದ್ದು ನನ್ನ ತಪ್ಪು.

ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ನನ್ನ ಹಳೆಯ ಪುಟ್ಟ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಅರಿಶಿನ ಬಳಿದ ಮೊರ, ಪಕ್ಕದಲ್ಲಿ ಸುರುಳಿ ಸುತ್ತಿದ ಜಿಲ್ಲಾ ನಕ್ಷೆ, ಮುಂದೆ ಗಾಜಿನ ಮೇಲೆ ಮೇಡಮ್ಮು. ಹೊಂಡಕ್ಕೊಂದು ಸಲ ಮೇಡಮ್ಮು ಕಳಚಿ ಸರೋಜಳ ಮಡಿಲಿಗೆ ಬೀಳುತ್ತಿದ್ದಳು. ಸರೋಜ ಒರೆಸಿ ಮತ್ತೆ ಅಂಟಿಸುತ್ತಿದ್ದಳು. ಶ್ರೀನಿವಾಸಪುರ ದಾಟಿ ಯಲ್ದೂರಿನವರೆಗೂ ಒಂದು ತಪ್ಪಿಲ್ಲ. ಯಲ್ದೂರಿನ ಬಸ್ ಸ್ಟಾಪಿಗೆ ಸರಿಯಾಗಿ ತಂದು ನಿಲ್ಲಿಸಿ, ನೀವು ತಲುಪಬೇಕಾದ ಜಾಗ ತಲುಪಿದ್ದೀರಿ ಎಂದು ಹೇಳಿ ಮೇಡಮ್ಮು ಬಾಯಿ ಮುಚ್ಚಿದಳು. ಸರೋಜ ಮೆಲ್ಲಗೆ, "ಇಲ್ಲಿಗೆ ಮೊರ ಬಸ್ಸಲ್ಲೂ ಬರ್ತಿತ್ತು" ಅಂದಳು.

ಸ್ಟಾಪಿನ ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂತು ನಮ್ಮನ್ನೇ ನೋಡುತ್ತಿದ್ದರು. ನಾನು ಅವರ ಕಡೆ ನೋಡದೆ ಕಾರು ಮುಂದೆ ಬಿಟ್ಟೆ. ತೋಟ ಊರಾಚೆ ಕೆರೆ ದಾಟಿದ ಮೇಲೆ ಅಂತ ಯಾರೋ ಹೇಳಿದ್ದ ನೆನಪಿತ್ತು. ಕೆರೆ ದಾಟಿದೆ. ಆದರೆ ಅಲ್ಲಿ ತೋಟವಲ್ಲದ್ದು ಏನಿದೆ? ಎಡಕ್ಕೂ ಮಾವು, ಬಲಕ್ಕೂ ಮಾವು. ಹಣ್ಣಿನ ಕಾಲ ಮುಗಿದು ಮರಗಳೆಲ್ಲ ಒಂದೇ ಥರ ಕಪ್ಪು ಹಸಿರು. ಒಂದು ಮಣ್ಣು ದಾರಿ ಹಿಡಿದೆ, ಅದು ಪಂಪ್ ಮನೆಯ ಹತ್ತಿರ ಮುಗಿಯಿತು. ಇನ್ನೊಂದು ಹಿಡಿದೆ, ಅದು ತಿರುಗಿ ಕೆರೆಗೇ ಬಂತು. ಮೂರನೆಯದು ಮುಳ್ಳು ಬೇಲಿಗೆ ಮೂತಿ ಕೊಟ್ಟು ನಿಂತಿತು. ಮೇಡಮ್ಮು ಸಾಧ್ಯವಾದಾಗ ಹಿಂದಕ್ಕೆ ತಿರುಗಿ ಎಂದು ಒಂದೇ ಮಂತ್ರ ಜಪಿಸುತ್ತಿದ್ದಳು. ಜಿಲ್ಲಾ ನಕ್ಷೆ ಬಿಚ್ಚಿದೆ. ಅದು ಕಾರಿನೊಳಗೆ ಪೂರ್ತಿ ಹರಡಲಾರದೆ ಸರೋಜಳ ಮುಖ ಮುಚ್ಚಿತು. ಅದರ ಒಳಗಿನಿಂದಲೇ ಅವಳು, "ಅಕ್ಕನ ಮನೆ ಇಲ್ಲೇ ಎಲ್ಲೋ ಕೂಗಳತೇಲಿದೆ. ಇಳಿದು ಯಾರನ್ನಾದ್ರೂ ಕೇಳಿ. ಮಾನ ಹೋದ್ರೆ ನಾಳೆ ಬರುತ್ತೆ, ಹಬ್ಬ ಬರಲ್ಲ" ಅಂದಳು.

ಕೇಳಲು ನಾನು ಇಳಿಯಬೇಕಾಗಲಿಲ್ಲ. ಹತ್ತಿಪ್ಪತ್ತು ಕುರಿಗಳ ಜೊತೆ, ತಲೆಗೆ ಟವೆಲ್ಲು ಸುತ್ತಿದ್ದ ಒಬ್ಬ ಮುದುಕಪ್ಪ ತಾನೇ ಕಿಟಕಿಗೆ ಬಂದು ಬಗ್ಗಿದ. "ಎವರಿಂಟಿಕಿ ಪೋವಾಲ ಸಾಮಿ?" ಅಂದ. ಆ ಕಡೆ ಮನೆಮಾತು ತೆಲುಗೇ. ಯಾರ ಮನೆಗೆ ಹೋಗಬೇಕು ಎಂಬ ಪ್ರಶ್ನೆಯೇ ಮೊದಲು ಬಿತ್ತು. ಆಗಲೂ ನನಗೆ ಬುದ್ಧಿ ಬರಲಿಲ್ಲ ನೋಡಿ. "ಏನಿಲ್ಲ ತಾತ, ಮಾವಿನ ತೋಟ ನೋಡ್ಕೊಂಡು ಹೋಗೋಣ ಅಂತ ಬಂದ್ವಿ. ವ್ಯಾಪಾರಕ್ಕೆ" ಅಂತ ಸುಳ್ಳು ಹೇಳಿಬಿಟ್ಟೆ. ಮುದುಕಪ್ಪ ನನ್ನ ಬೋಳು ತಲೆ ನೋಡಿದ, ಗಾಜಿನ ಮೇಲಿನ ಮೇಡಮ್ಮನ್ನು ನೋಡಿದ, ಹಿಂದಿನ ಸೀಟು ನೋಡಿದ. "ಹೂವೇ ಬಿಟ್ಟಿಲ್ಲ, ಈಗ್ಲೇ ಎಂಥ ವ್ಯಾಪಾರ? ಮಾವು ಕೊಳ್ಳೋಕೆ ಬರೋ ಸಾಬರು ಮೊರಕ್ಕೆ ಅರಿಶಿನ ಬಳ್ಕೊಂಡು ಬರೋದನ್ನ ನಾನು ಕಂಡಿಲ್ಲ" ಅಂದ. ಸರೋಜ ನಕ್ಷೆಯ ಹಿಂದೆ ಕಿಸಕ್ಕನೆ ನಕ್ಕಳು.

ಇನ್ನು ಬೇರೆ ದಾರಿ ಇರಲಿಲ್ಲ. ಪದ್ಮಮ್ಮನವರ ತೋಟದ ಮನೆಗೆ ಅಂದೆ. ಮುದುಕಪ್ಪ ನಿಧಾನವಾಗಿ, ನಾನು ವರ್ಷಗಟ್ಟಲೆ ಹೆದರಿದ್ದ ಆ ನಾಲ್ಕನೇ ಪ್ರಶ್ನೆ ಕೇಳಿದ. "ಆಯಮ್ಮಕಿ ಮೀರು ಏಮವ್ತಾರು?" ನಾನು ಸ್ಟಿಯರಿಂಗ್ ನೋಡುತ್ತಾ, "ತಮ್ಮುಣ್ಣಿ" ಅಂದೆ. ತಮ್ಮ. ಅಯ್ಯೋ ತಮ್ಮನಾಗಿ ದಾರಿ ಕೇಳ್ತೀರಾ ಅನ್ನುತ್ತಾನೆ ಎಂದು ಕಾದೆ. ಮುದುಕಪ್ಪನ ಮುಖ ಅರಳಿತು. "ಓಹೋ, ಬಸ್ ತಮ್ಮುಡಾ!" ಅಂದ.

ಬಸ್ ತಮ್ಮ! ನನ್ನ ಗುಟ್ಟು ಮೂರು ವರ್ಷ ಬಸ್ ಸ್ಟಾಪಿನಲ್ಲಿ ಇಳಿದು, ಕಟ್ಟೆಯ ಮೇಲೆ ಕೂತು, ಎಲ್ಲರಿಗೂ ಪರಿಚಯವಾಗಿತ್ತು. ನಾನೊಬ್ಬ ಅದನ್ನು ಮುಚ್ಚಿಡಲು ಮೂರು ನಕ್ಷೆ ಹೊತ್ತು ತಿರುಗುತ್ತಿದ್ದೆ. ಮುದುಕಪ್ಪ ಮಾತ್ರ ನಗಲಿಲ್ಲ. "ಮೊರ ವಾಪಸ್ ಕಳಿಸಿದ ದಿನ ಆಯಮ್ಮ ಸ್ಟಾಪಿನಾಗೆ ಬಾಳ ಹೊತ್ತು ಕುಂತಿತ್ತು ಸಾಮಿ. ಬಸ್ ಹೋದ ಮ್ಯಾಲೂ ಕುಂತಿತ್ತು" ಅಂದು ಕುರಿಗಳನ್ನು ತಿರುಗಿಸಿದ. ಅವನು ಮುಂದೆ, ಕುರಿಗಳು ಅವನ ಹಿಂದೆ, ಕುರಿಗಳ ಹಿಂದೆ ನನ್ನ ಕಾರು ಮೊದಲನೇ ಗೇರಿನಲ್ಲಿ. ಸರೋಜ ಮೇಡಮ್ಮನ್ನು ಕಿತ್ತು ಚೀಲಕ್ಕೆ ಹಾಕಿದಳು.

ಪದ್ಮಕ್ಕ ಅಂಗಳದಲ್ಲಿ ಹಬ್ಬಕ್ಕೆ ಪಾತ್ರೆ ಬೆಳಗುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು, ಅದು ನನಗೆ ಗೊತ್ತಿರಲಿಲ್ಲ. ನಾನು ಮೊರ ಎತ್ತಿಕೊಂಡು ಇಳಿದೆ. ಎದ್ದು ಬರಲಿಲ್ಲ ಅವಳು. "ದಾರಿ ಗೊತ್ತಾಯ್ತೇನೋ?" ಅಂದಳು. ಗೊತ್ತಿಲ್ಲದೇ ಏನಕ್ಕ, ನಾನು ಭೂಗೋಳದ ಮೇಷ್ಟ್ರಲ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೂ "ಇಲ್ಲ ಅಕ್ಕ. ಕೇಳ್ಕೊಂಡು ಬಂದೆ" ಅಂದೆ. ಅವಳು ಕೈ ತೊಳೆದು, ಸೆರಗು ಮುಂದಕ್ಕೆ ಹಿಡಿದು ಮೊರ ಇಸಕೊಂಡಳು. "ಕೇಳ್ದೆ ತಾನೆ, ಸರಿ ಬಿಡು" ಅಂದವಳು, ಒಳಗೆ ಹೋಗುತ್ತಾ ತಿರುಗಿ, "ಅಲ್ಲ ಕಣೋ, ಪತ್ರಿಕೆ ಹಿಂದ್ಗಡೆ ನಾನೇ ದಾರಿ ಬರೆದು ಕಳಿಸಿದ್ನಲ್ಲ, ಅದೇನು ಮಾಡ್ದೆ?" ಅಂದಳು. ತಲೆ ತಗ್ಗಿಸಿ ಕೂತು ನಾಲ್ಕು ಒಬ್ಬಟ್ಟು ತಿಂದೆ.

ಮನೆಗೆ ಬಂದವನೇ ಹುಡುಕಿದೆ. ಗೃಹಪ್ರವೇಶದ ಪತ್ರಿಕೆ ನನ್ನ ಭೂಗೋಳದ ಪುಸ್ತಕದಲ್ಲೇ ಪುಟದ ಗುರುತಾಗಿ ಸಿಕ್ಕಿಕೊಂಡು ಕೂತಿತ್ತು. ಐದು ವರ್ಷ ದಿನಾ ಕೈಯಲ್ಲಿ ಹಿಡಿದಿದ್ದೇನೆ, ಒಂದು ಸಲವೂ ಹಿಂಬದಿ ತಿರುಗಿಸಿ ನೋಡಿಲ್ಲ. ನೀಲಿ ಪೆನ್ನಿನಲ್ಲಿ ಅಂಕುಡೊಂಕಾಗಿ ಬಸ್ ಸ್ಟಾಪು, ಕೆರೆ, ಒಂದು ಹುಣಸೆ ಮರ. ಮರದ ಪಕ್ಕ ಒಂದು ಬಾಣ. ಬಾಣದ ಕೆಳಗೆ, "ಇಲ್ಲಿ ಊಟದ ಕೈ ಕಡೆ ತಿರುಗು." ಕೊನೆಯಲ್ಲಿ ಒಂದು ಚೌಕ, ಚೌಕದೊಳಗೆ ಮನೆ ಅಂತ ಬರೆದಿರಲಿಲ್ಲ, "ಅಕ್ಕ" ಅಂತ ಬರೆದಿತ್ತು. ಅಳತೆಯ ಸ್ಕೇಲಿಲ್ಲ, ಉತ್ತರ ದಿಕ್ಕಿನ ಗುರುತಿಲ್ಲ. ಅವಳ ಮನೆಗೆ ಹೋಗದೆ ಕೋಲಾರದಲ್ಲಿ ಕೂತು ಪೇಪರು ತಿದ್ದಿದೆನಲ್ಲ, ಆ ವಾರ ಇಂಥ ನಕ್ಷೆಗಳಿಗೆಲ್ಲ ನಾನು ಸೊನ್ನೆ ಸುತ್ತಿದ್ದೆ.

ಈಗ ಆ ದಾರಿ ನನಗೆ ಬಾಯಿಪಾಠ. ಮುನಿರಾಜುವಿನ ಡಬ್ಬಿ ವಾಪಸ್ಸು ಹೋಯಿತು, ಜಿಲ್ಲಾ ನಕ್ಷೆ ತನ್ನ ತೂತಿನ ಸಮೇತ ಗೋಡೆ ಸೇರಿತು. ಆದರೂ ಪ್ರತಿ ಗೌರಿ ಹಬ್ಬಕ್ಕೆ ಯಲ್ದೂರಿನ ಬಸ್ ಸ್ಟಾಪಿನಲ್ಲಿ ಕಾರು ನಿಲ್ಲಿಸಿ, ಕಟ್ಟೆಯ ಮೇಲೆ ಕೂತವರನ್ನು ಪದ್ಮಮ್ಮನವರ ಮನೆಗೆ ದಾರಿ ಯಾವುದು ಅಂತ ಕೇಳುತ್ತೇನೆ. ಆ ನಾಲ್ಕನೇ ಪ್ರಶ್ನೆ ಕೇಳಲಿ, ಎಲ್ಲರ ಮುಂದೆ ತಮ್ಮ ಅಂತ ಗಟ್ಟಿಯಾಗಿ ಹೇಳೋಣ ಎಂಬ ಆಸೆ. ಯಾರೂ ಕೇಳುವುದಿಲ್ಲ. ನನ್ನನ್ನು ಕಂಡ ಕೂಡಲೇ, ನಾನು ಯಾವುದರಲ್ಲಿ ಬಂದೆನೆಂದು ಒಬ್ಬರು ಇನ್ನೊಬ್ಬರಿಗೆ ಕೂಗಿ ಹೇಳುತ್ತಾರೆ: "ಬಸ್ ತಮ್ಮುಡು ಕಾರ್ಲೋ ವಚ್ಚಿನಾಡು!"